ಲೀಟರಿಗೆ ಎಷ್ಟು ಕಲ್ಲು

ನೀಲಿ ಕಾರು ಹದಿನಾರನೆಯ ಕಿಲೋಮೀಟರ್ ಕಲ್ಲು ದಾಟಿ, ಎರಡು ಸಲ ಕೆಮ್ಮಿ ನಿಂತಾಗ ಮರಿಯಯ್ಯ ಸ್ಟೀರಿಂಗಿಗೆ ಕೈಮುಗಿದ. ಬೆಳಿಗ್ಗೆ ಇದೇ ರಸ್ತೆಯಲ್ಲಿ, ನಂಜನಗೂಡಿನಿಂದಲೇ ಹೊರಟು, ಬಿಳಿ ಕಾರು ತಾಂಡವಪುರ ದಾಟಿ ಹದಿನಾಲ್ಕನೆಯ ಕಲ್ಲಿಗೇ ಉಸಿರು ಬಿಟ್ಟಿತ್ತು. ದಲ್ಲಾಳಿ ಪುಟ್ಟಬಸವಯ್ಯ ಇಳಿದು ಬಾನೆಟ್ ಎತ್ತಿ, ಬರಿದಾದ ಲೀಟರ್ ಕ್ಯಾನಿನ ಪೈಪನ್ನು ಕಳಚಿ, ಟ್ಯಾಂಕಿನ ಪೈಪನ್ನು ಮತ್ತೆ ಸಿಕ್ಕಿಸಿದ. ಅವನ ಹತ್ತಿರ ಹಳೇ ಕಾರು ಕೊಳ್ಳುವವರಿಗೆಲ್ಲ ಇದೇ ಪರೀಕ್ಷೆ. ಕ್ಯಾನಿನ ತುಂಬ ಪೆಟ್ರೋಲು, ಅದು ಮುಗಿಯುವವರೆಗೆ ಓಟ, ಆಮೇಲೆ ಕಲ್ಲು ಎಣಿಸುವುದು.

ಮರಿಯಯ್ಯ ತಿ. ನರಸೀಪುರದಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದ. ಈಗ ಸ್ವಂತದ್ದೊಂದು ಮಾಡುವ ಹಟ. ದೊಡ್ಡ ಕಾರು ದುಡಿದದ್ದನ್ನೆಲ್ಲ ತಾನೇ ಕುಡಿಯುತ್ತದೆ. ಹೊಸ ಮಾರುತಿಗೆ ಬುಕ್ ಮಾಡಿ ಕಾಯುವಷ್ಟು ಪುರುಸೊತ್ತೂ ಇಲ್ಲ, ಕಾಸೂ ಇಲ್ಲ. ಉಳಿದದ್ದು ಈ ಎರಡು ಹಳೇ ಸಣ್ಣ ಕಾರುಗಳು. ಹೆಂಡತಿ ಸಣ್ಣತಾಯಮ್ಮ ತನ್ನ ನಾಲ್ಕು ಎಮ್ಮೆಗಳಲ್ಲಿ ಎರಡನ್ನು ಇದಕ್ಕೆಂದೇ ಮಾರಿದ್ದಳು. ಕಾರು ಪೆಟ್ರೋಲು ನುಂಗುವಂಥದ್ದಾದರೆ ಎಮ್ಮೆಯೂ ಹೋಯಿತು, ಕಾರೂ ಹೋಯಿತು, ಮರಿಯಯ್ಯ ಮತ್ತೆ ಇನ್ನೊಬ್ಬರ ಬಾಗಿಲಲ್ಲಿ ಕೀಗೆ ಕೈಚಾಚಬೇಕು. ಅದು ಗಂಡನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಹೋಟೆಲಿಗೆ ಹಾಲು ಅಳೆದುಕೊಟ್ಟು, ಮನೆಗೂ ಹೋಗದೆ, ಹಾಲಿನ ಕ್ಯಾನಿನ ಸಮೇತ ನಂಜನಗೂಡಿನ ಬಸ್ಸು ಹತ್ತಿ ಬಂದಿದ್ದಳು.

ಪುಟ್ಟಬಸವಯ್ಯನ ಶೆಡ್ಡಿನ ಮುಂದೆ ನೀಲಿ ಕಾರು ನಿಂತಾಗ ಮರಿಯಯ್ಯನ ಮುಖ ಮದುವೆ ಗಂಡಿನ ಮುಖದಂತಿತ್ತು. ಹದಿನಾರು ಕಲ್ಲು ಎಂದು ಹೆಂಡತಿಗೆ ಎರಡೆರಡು ಸಲ ಹೇಳಿದ. ಹೊಸ ಬಣ್ಣದ ಮೇಲೆ ಕೈಯಾಡಿಸಿದ. ಬಿಳಿ ಕಾರು ನರಸೀಪುರದ ಡಾಕ್ಟರೊಬ್ಬರದು, ಮಾರಿಕೊಟ್ಟರೆ ದಲ್ಲಾಳಿಗೆ ಬರೀ ಕಮಿಷನ್ನು. ನೀಲಿಯದು ಅವನ ಸ್ವಂತದ್ದು. ಇದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ. ಸ್ವಂತ ಮಾಲಾದ್ದರಿಂದಲೇ ಇಷ್ಟು ಚೆನ್ನಾಗಿ ಇಟ್ಟಿದ್ದೇನೆ ಎಂದು ಅದನ್ನೂ ಹೆಚ್ಚುಗಾರಿಕೆ ಮಾಡಿಕೊಂಡಿದ್ದ. ಮರಿಯಯ್ಯ ಮುಂಗಡಕ್ಕೆಂದು ಜೇಬಿಗೆ ಕೈ ಹಾಕಿದ.

ಸಣ್ಣತಾಯಮ್ಮ ಅಷ್ಟರಲ್ಲಿ ಬೆಂಚಿನ ಮೇಲಿದ್ದ ಎರಡು ಖಾಲಿ ಕ್ಯಾನುಗಳನ್ನು, ಬೆಳಿಗ್ಗೆ ಬಿಳಿ ಕಾರಿಗೆ ಹಾಕಿದ್ದನ್ನೂ ಈಗ ನೀಲಿಯಿಂದ ಇಳಿಸಿದ್ದನ್ನೂ, ಕೈಗೊಂದರಂತೆ ಎತ್ತಿಕೊಂಡಿದ್ದಳು. ಒಂದೇ ಎತ್ತರ, ಒಂದೇ ಹಸಿರು ಬಣ್ಣ. ಆದರೆ ಮೂವತ್ತು ವರ್ಷ ಹಾಲು ಅಳೆದ ಕೈ ಅದು. ಪಾತ್ರೆ ಹಿಡಿದರೆ ಸಾಕು, ಎಷ್ಟು ಹಿಡಿಸುತ್ತದೆಂದು ತಾನಾಗಿ ಹೇಳುತ್ತದೆ. ಅವಳು ಯಾರನ್ನೂ ಕೇಳಲಿಲ್ಲ. ಸೀದಾ ನಲ್ಲಿಯ ಹತ್ತಿರ ಹೋಗಿ, ಹಾಲಿನ ಕ್ಯಾನಿನಲ್ಲಿದ್ದ ಅರ್ಧ ಲೀಟರಿನ ಅಳತೆಯನ್ನು ತೆಗೆದಳು. ಅದರ ಕಂಠದಲ್ಲಿ ಸರ್ಕಾರದ ಮೊಹರಿತ್ತು. ಬಿಳಿ ಕಾರಿಗೆ ಹಾಕಿದ ಕ್ಯಾನಿಗೆ ನೀರು ಅಳೆದು ಹೊಯ್ದಳು. ಎರಡು ಅಳತೆಗೆ ಸರಿಯಾಗಿ ತುಂಬಿತು. ನೀಲಿಯದಕ್ಕೆ ಎರಡು ಹೊಯ್ದಳು, ತುಂಬಲಿಲ್ಲ. ಮೂರನೆಯದರಲ್ಲಿ ಅರ್ಧ ಹೊಯ್ದ ಮೇಲೆ ತುಳುಕಿತು.

ಶೆಡ್ಡಿನ ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಬಿಟ್ಟು ನೋಡುತ್ತಿದ್ದರು. ಪುಟ್ಟಬಸವಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಕ್ಯಾನು ಅಂದ್ಮೇಲೆ ಒಂಚೂರು ಎಚ್ಚುಕಮ್ಮಿ ಇರ್ತದೆ ಕಣಮ್ಮ," ಎಂದ.

"ಇರ್ತದೆ ಕಣಣ್ಣ. ಕಮ್ಮಿ ಅಳೆಯೋರ್ನ ನಾನು ದಿನಾ ನೋಡ್ತೀನಿ," ಎಂದಳು ಸಣ್ಣತಾಯಮ್ಮ. "ಜಾಸ್ತಿ ಅಳೆದು ಮೋಸ ಮಾಡೋರ್ನ ಇವತ್ತೇ ಕಂಡಿದ್ದು. ಬಿಳೀದು ಒಂದಳತೆಗೆ ಏಳು ಕಲ್ಲು ಓಡ್ತದೆ. ನಿಮ್ದು ಆರು ಚಿಲ್ರೆ. ಬಣ್ಣ ನೀವೇ ಮಡೀಕಳಿ."

ಮೊದಲು ನಕ್ಕದ್ದು ಹಿರಿಯ ಮೆಕ್ಯಾನಿಕ್. ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ಮರಿಯಯ್ಯನಿಗೆ ನಾಚಿಕೆಯಾಯಿತು. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ತಾನು ಒಂದು ಕ್ಯಾನಿಗೆ ಮಂಗನಾಗಿದ್ದ. ಹೆಮ್ಮೆಯೂ ಆಯಿತು, ಮತ್ತು ಹೆಮ್ಮೆಯೇ ಹೆಚ್ಚಾಗಿ ನಾಚಿಕೆ ಎಲ್ಲೋ ಮೂಲೆಗೆ ಸರಿಯಿತು. ಜೇಬಿನ ದುಡ್ಡನ್ನು ತೆಗೆದು ಹೆಂಡತಿಯ ಕೈಗೇ ಕೊಟ್ಟ. ಅವಳು ಬಿಳಿ ಕಾರಿಗೆ ಮುಂಗಡ ಕೊಟ್ಟು, ಡಾಕ್ಟರು ಹೇಳಿದ್ದ ಬೆಲೆಯಲ್ಲಿ ಒಂದು ಟೈರಿನಷ್ಟು ಇಳಿಸಿ, ಕಮಿಷನ್ನನ್ನು ಮಾತ್ರ ಚೌಕಾಶಿ ಮಾಡದೆ ಒಪ್ಪಿದಳು. ಪುಟ್ಟಬಸವಯ್ಯನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಉಳಿದ ದುಡ್ಡನ್ನು ನರಸೀಪುರದಲ್ಲಿ ಡಾಕ್ಟರಿಗೇ ಕೊಡುವುದೆಂದು ಮಾತಾಯಿತು. ಕಾರು ತೆಗೆದುಕೊಂಡು ಹೊರಡಿ ಎಂದು ಪುಟ್ಟಬಸವಯ್ಯ ಕೀ ಕೊಟ್ಟ. ಮರಿಯಯ್ಯ ಅದನ್ನು ಕಣ್ಣಿಗೊತ್ತಿಕೊಂಡ. ಗಾಜು ಒರೆಸಿದ. ಆಮೇಲೆ ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದಂತೆ ಓಡಿಹೋಗಿ ಹಿಂದಿನ ಬಾಗಿಲು ತೆರೆದು, ತಲೆ ಬಗ್ಗಿಸಿ ನಿಂತ.

ಸಣ್ಣತಾಯಮ್ಮ ಹಾಲಿನ ಕ್ಯಾನನ್ನು ಹಿಂದಿನ ಸೀಟಿನ ಮೇಲಿಟ್ಟು ಆ ಬಾಗಿಲನ್ನು ಹಾಕಿದಳು.

"ಬಾಡ್ಗೆ ಕೊಡೋರು ಅಲ್ಲಿ ಕೂರ್ಲಿ," ಎಂದು ಹೇಳಿ, ಮುಂದಿನ ಬಾಗಿಲನ್ನು ತಾನೇ ತೆಗೆದು ಅವನ ಪಕ್ಕದ ಸೀಟಿನಲ್ಲಿ ಕೂತಳು.