ಒಂದು ಎಸೆತ, ಒಂದು ಮೀನು

ಮೊದಲ ಏಟು ಗಾಜಿನ ಕಪಾಟಿಗೆ ಬಿತ್ತು. ಎರಡನೆಯದು ನಾದಿನಿಯ ಕೆನ್ನೆಗೆ.

"ಒಂದು ಎಸೆತ, ಒಂದು ಮೀನು ಅಂತ ಊರೆಲ್ಲ ಪೋಸ್ಟರ್ ಹಚ್ಚಿದೀಯಲ್ಲ!" ಲಾರಿ ಡ್ರೈವರ್ ಅಬ್ಬರಿಸಿದ. "ಮೂರು ಭಾನುವಾರ ಎಸೆದೆ. ಒಂದು ಕಪ್ಪೆನೂ ಮೂಸಿ ನೋಡ್ಲಿಲ್ಲ."

ನಾದಿನಿ ತುಟಿಯ ರಕ್ತವನ್ನು ಮುಂಗೈಯಲ್ಲಿ ಒರೆಸಿಕೊಂಡಳು. "ನಿಮ್ಮ ಪ್ರಕಾರ ಅದರಲ್ಲಿ ಏನು ಕಡಿಮೆಯಾಗಿದೆ? ಸರಿಯಾಗಿ ಹೇಳಿ."

"ಏನು ಕಡಿಮೆಯಾ? ಮೀನು ಕಡಿಮೆಯಾಗಿದೆ!"

ಕೈಯಲ್ಲಿದ್ದ, ಎರೆಯ ಬದಲು ದಾರಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನನ್ನು ಅವಳ ಮುಖಕ್ಕೇ ಬೀಸಿ ಒಗೆದು ಹೋದ. ಅದರ ಹೊಟ್ಟೆಯ ಗಾಳ ಹುಬ್ಬಿಗೆ ಕಚ್ಚಿಕೊಂಡಿತು.

ಅತ್ತಿಗೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಇಕ್ಕಳ ತಂದಳು. ಗಾಳ ಬಂದ ದಾರಿಯಲ್ಲಿ ಹಿಂದಕ್ಕೆ ಬರುವುದಿಲ್ಲ. ಮುಂದಕ್ಕೇ ಒತ್ತಿ, ಚರ್ಮದಾಚೆ ಮುಳ್ಳು ಕಾಣಿಸಿದ ಮೇಲೆ ತುದಿ ಕತ್ತರಿಸಬೇಕು. ಅತ್ತಿಗೆ ಹಾಗೇ ಒತ್ತಿದಳು. ನಾದಿನಿ ಹಲ್ಲು ಕಚ್ಚಿ ಕುಳಿತಿದ್ದಳು.

"ಸಾಕು ಮಾಡೇ ಈ ಜಾಹೀರಾತು," ಅಂದಳು ಅತ್ತಿಗೆ. "ನಿಮ್ಮಣ್ಣ ಕೈಯಾರೆ ಕೆತ್ತಿದ ಮರದ ಮೀನಿಗೆ ಒಬ್ರಾದ್ರೂ ಬಂದು ಬೈದಿದ್ರಾ? ಅವರ ಫೋಟೋ ಹಾಕಿ ಈ ಕಸ ಮಾರ್ತಿದೀಯ. ಸತ್ತ ಮೇಲೂ ಅವರಿಗೆ ಬೈಗುಳ ತಿನ್ನಿಸ್ತಿದೀಯ."

"ಸುಮ್ನಿರಿ ಅತ್ತಿಗೆ. ಇನ್ನೂ ಎಲ್ಲರಿಗೂ ಮುಟ್ಟಿಲ್ಲ ಅದು."

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಗಂಡ ಹೋಗಿ ಒಂದು ವರ್ಷವಾಗಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಿಂದಲೆ ಒಡೆದು ತೇಲುತ್ತಿದ್ದ. ಬಂಡೆಯಿಂದ ಜಾರಿದ ಅಂದರು ಪೊಲೀಸರು. ತುಂಡಾದ ದಾರದ ಜೊತೆ ಗಾಳದ ಕೋಲು ಮನೆಗೆ ಬಂತು. ಅವನು ಬಿಟ್ಟುಹೋದದ್ದು ಈ ಪುಟ್ಟ ಗಾಳದ ಅಂಗಡಿ ಮತ್ತು ಒಳ್ಳೆಯ ಹೆಸರು. ಅಂಗಡಿ ಹೋದರೆ ಹೋಗಲಿ, ಹೆಸರು ಉಳಿಯಲಿ ಎಂಬುದೊಂದೇ ಅತ್ತಿಗೆಯ ಆಸೆ.

ಆ ಹೆಸರನ್ನೇ ನಾದಿನಿ ಬೀದಿಗೆ ತಂದಿದ್ದಳು. ಹಸಿರು ಬೆನ್ನು, ಕೆಂಪು ಹೊಟ್ಟೆಯ ಪ್ಲಾಸ್ಟಿಕ್ ಮೀನು. ಬಣ್ಣ ಹೀಗೇ ಇರಬೇಕೆಂದು ಕಾರ್ಖಾನೆಯವರ ತಲೆ ತಿಂದಿದ್ದಳು. ಪತ್ರಿಕೆ, ರೇಡಿಯೋ, ಬಸ್ಸಿನ ಬೆನ್ನು, ಎಲ್ಲಿ ನೋಡಿದರೂ ಅದೇ. ಬರುವ ಲಾಭಕ್ಕಿಂತ ಜಾಹೀರಾತಿಗೆ ಸುರಿಯುವುದೇ ಹೆಚ್ಚು. ಮೀನೊಂದನ್ನು ಬಿಟ್ಟು ಊರಿನವರೆಲ್ಲ ಅದಕ್ಕೆ ಬಾಯಿ ಹಾಕಿದರು.

ಆಮೇಲೆ ಹೊಡೆಯಲು ಬಂದರು. ಬಡಗಿಯೊಬ್ಬ ನಾದಿನಿಯ ಕಿರುಬೆರಳನ್ನು ಲಟಕ್ಕೆಂದು ಮುರಿದ. ಗಾಳ ಬಾಗುತ್ತದೆ ಎಂಬುದು ಅವನ ದೂರು. ವೆಲ್ಡಿಂಗ್ ಕೆಲಸದವನು ಕಪಾಟು ಉರುಳಿಸಿ, ಅಡ್ಡ ಬಂದ ಅತ್ತಿಗೆಯ ಹೊಟ್ಟೆಗೆ ಒದ್ದ. ಬಣ್ಣ ಕಿತ್ತುಬರುತ್ತದೆ ಎಂದು ಅವನ ಸಿಟ್ಟು. ನಾದಿನಿ ಎಲ್ಲರಿಗೂ ಅದೇ ಪ್ರಶ್ನೆ ಕೇಳುವಳು, ಕಿವಿ ನಿಮಿರಿಸಿ ಉತ್ತರ ಕೇಳಿಸಿಕೊಳ್ಳುವಳು, ಆಮೇಲೆ ನಿಟ್ಟುಸಿರು ಬಿಡುವಳು. ಒಂದು ದೂರನ್ನಾದರೂ ಸರಿಪಡಿಸಿದ್ದಳೇ? ಇಲ್ಲ. ಇಂಥ ಮೊಂಡುತನವನ್ನು ಅತ್ತಿಗೆ ಜನ್ಮದಲ್ಲಿ ಕಂಡಿರಲಿಲ್ಲ.

ಗುರುವಾರ ಮಧ್ಯಾಹ್ನ ಔಷಧಿ ಅಂಗಡಿಯವನು ಬಂದ. ಇಸ್ತ್ರಿ ಮಾಡಿದ ಶರ್ಟು, ಮೆಲುದನಿ. ಒಡೆದ ಗಾಜನ್ನು ಎಚ್ಚರದಿಂದ ದಾಟಿ, ಇಬ್ಬರಿಗೂ ಕೈಮುಗಿದ. ಅತ್ತಿಗೆಗೆ ಹೋದ ಜೀವ ಬಂದಂತಾಯಿತು.

"ಬೈಯೋಕೆ ಬಂದಿಲ್ಲಮ್ಮ. ನಿಮ್ಮ ಯಜಮಾನ್ರ ಕೈಗೆ ಸಾಟಿ ಇರಲಿಲ್ಲ. ಅದಕ್ಕೇ ಹೇಳ್ತಿದೀನಿ, ಹೊಸದು ಅವರ ಹೆಸರು ಕೆಡಿಸುತ್ತೆ."

ತನ್ನ ಮನಸ್ಸಿನ ಮಾತನ್ನೇ ಆಡಿದನಲ್ಲ! ಅತ್ತಿಗೆಯ ಕಣ್ಣು ತುಂಬಿತು. ಅವನಿಗೆ ಕುರ್ಚಿ ಎಳೆದು ಕೊಟ್ಟಳು.

"ಏನು ಕಡಿಮೆಯಾಗಿದೆ ಸಾರ್?" ನಾದಿನಿ ಕೇಳಿದಳು.

"ಸದ್ದು." ಅವನು ಪ್ಲಾಸ್ಟಿಕ್ ಮೀನನ್ನು ಕಿವಿಯ ಬಳಿ ಅಲ್ಲಾಡಿಸಿದ. "ಇದರ ಹೊಟ್ಟೆ ಖಾಲಿ. ಅವರು ಒಳಗೆ ಸೈಕಲ್ ಬೇರಿಂಗಿನ ಮೂರು ಗುಂಡು ಹಾಕ್ತಿದ್ರು. ನೀರಲ್ಲಿ ಎಳೆದ್ರೆ ಕಟಕಟ ಅನ್ನೋದು. ಮೀನು ಬರೋದೇ ಆ ಸದ್ದಿಗೆ."

ಜೇಬಿನಿಂದ ಒಂದು ಮರದ ಮೀನು ತೆಗೆದು ಮೇಜಿನ ಮೇಲಿಟ್ಟ. ಬಾಲ ಮುರಿದಿತ್ತು, ಹಸಿರು ಮಾಸಿತ್ತು. ಗಂಡನ ಚಾಕುವಿನ ಗುರುತನ್ನು ಅತ್ತಿಗೆ ಬೆರಳಿನಿಂದ ಸವರಿದಳು.

"ಹೋದ ವಾರ ಬಂಡೆಗೆ ತಾಗಿ ಮುರೀತು. ಇಂಥದ್ದೇ ಇನ್ನೊಂದು ಇದ್ರೆ ಕೊಡಿ. ಇಂಥವು ಬೇಕಾದಷ್ಟು ಮಾಡಿಟ್ಟಿರ್ತಾರೆ ಅವರು."

"ಇದನ್ನ ಯಾವಾಗ ತಗೊಂಡಿದ್ರಿ?" ನಾದಿನಿ ಕೇಳಿದಳು.

"ಅವರ ಕೈಯಿಂದಲೇ. ಪಾಪ, ತೀರಿಕೊಳ್ಳೋಕೆ ಆರು ತಿಂಗಳ ಮುಂಚೆ."

"ಒಂದು ನಿಮಿಷ ಸಾರ್, ಒಳಗೆ ನೋಡ್ತೀನಿ," ಅಂದಳು ನಾದಿನಿ.

ಬರುವಾಗ ಅವಳ ಕೈಯಲ್ಲಿ ಶಟರ್ ಎಳೆಯುವ ಕಬ್ಬಿಣದ ಸಲಾಕೆಯಿತ್ತು. ನೇರ ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ಅತ್ತಿಗೆಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಕುರ್ಚಿ ಸಮೇತ ಗಾಜಿನ ಚೂರಿನ ಮೇಲೆ ಬಿದ್ದು ಚೀರಿದ. ತೆವಳಿ ಬಾಗಿಲತ್ತ ಕೈ ಚಾಚಿದ. ಆ ಕೈಯ ಮೇಲೂ ಸಲಾಕೆ ಬಿತ್ತು.

"ಹುಚ್ಚು ಹಿಡಿದಿದೆಯೇನೇ ನಿನಗೆ!" ಅತ್ತಿಗೆ ಅವಳ ಸೊಂಟ ಹಿಡಿದು ಎಳೆದಳು, ಬೆನ್ನಿಗೆ ಗುದ್ದಿದಳು. "ಒದ್ದವರನ್ನೆಲ್ಲ ಬಿಟ್ಟೆ. ನಿಮ್ಮಣ್ಣನ ಬಗ್ಗೆ ಒಳ್ಳೆ ಮಾತಾಡೋ ಒಬ್ಬನೇ ಒಬ್ಬ ಬಂದ್ರೆ ಅವನನ್ನ ಕೊಲ್ತೀಯಾ?"

ನಾದಿನಿ ಶಟರ್ ಪೂರ್ತಿ ಕೆಳಗೆಳೆದು ಅದಕ್ಕೇ ಒರಗಿ ನಿಂತಳು. ವರ್ಷದಿಂದ ಅಳದವಳು ಈಗ ಅಳುತ್ತಿದ್ದಳು.

"ಪೊಲೀಸರಿಗೆ ಫೋನ್ ಮಾಡಿ ಅತ್ತಿಗೆ. ಜಾಹೀರಾತು ಹಾಕಿದ್ದೇ ಇವನು ಬಂದು ಕಚ್ಚಲಿ ಅಂತ. ಹೊಟ್ಟೇಲಿ ಗುಂಡು ಇರೋ ಮೀನು ಅಣ್ಣ ಮಾಡಿದ್ದು ಒಂದೇ ಒಂದು. ಅವನು ಸತ್ತ ದಿನ ಬೆಳಿಗ್ಗೆ ಅದನ್ನ ಅವನ ದಾರಕ್ಕೆ ಕಟ್ಟಿಕೊಟ್ಟವಳು ನಾನೇ."