ಬಲಗಾಲಿನ ರಾಡು

ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಹೊರಟಿದ್ದರು. ಎರಡು ದೊಡ್ಡ ಸೂಟ್‌ಕೇಸು ಎಳೆದುಕೊಂಡು, ಹೆಗಲಿಗೊಂದು ಚೀಲ ನೇತುಹಾಕಿಕೊಂಡು ಅವಳು ಮುಂದೆ. ಮಡಿಸಿದ ದಿನಪತ್ರಿಕೆ ಹಿಡಿದು, ತುಸು ಕುಂಟುತ್ತ ಅವನು ಹಿಂದೆ.

ವಿಮಾನ ನಿಲ್ದಾಣದ ಬಾಗಿಲಲ್ಲೇ ಮೈಯನ್ನೆಲ್ಲ ಎಕ್ಸ್-ರೇ ಮಾಡುವ ಹೊಸ ಯಂತ್ರ ನಿಂತಿತ್ತು.

“ಇವರನ್ನ ಬಿಟ್ಬಿಡಿ ಸಾರ್,” ಎಂದಳು ಅವಳು ತಪಾಸಣೆಯವನಿಗೆ. “ಮದುವೆಗೆ ಮುಂಚೆ ಬೈಕಿಂದ ಬಿದ್ದು ಬಲಗಾಲಿಗೆ ರಾಡ್ ಹಾಕ್ಸಿದಾರೆ. ಇವತ್ತಿಗೂ ಒಂದು ಬಕೆಟ್ ನೀರು ಎತ್ತೋಕೆ ಬಿಟ್ಟಿಲ್ಲ ನಾನು.”

“ರಾಡ್ ಇದ್ರೆ ರಾಡ್ ಕಾಣುತ್ತೆ, ಅಷ್ಟೇ ಅಮ್ಮ. ಬನ್ನಿ ಸಾರ್.”

“ಕೈಯಲ್ಲೇ ತಡವಿ ನೋಡ್ಬಿಡಿ,” ಎಂದ ಗಂಡ. “ಈ ಎಕ್ಸ್-ರೇ ಎಲ್ಲ ಮೈಗೆ ಒಳ್ಳೇದಲ್ಲ.”

“ಹೋಗ್ರೀ, ಒಂದು ನಿಮಿಷದ ಕೆಲಸ. ನಾನಿಲ್ವಾ ಇಲ್ಲೇ?”

ಅವನು ಹೋಗಿ ನಿಂತ. ತಪಾಸಣೆಯವನು ಪರದೆ ನೋಡಿದ. ಕಣ್ಣು ಕಿರಿದು ಮಾಡಿಕೊಂಡು ಮತ್ತೆ ನೋಡಿದ.

“ಯಾವ ಕಾಲು ಅಂದ್ರಿ ಅಮ್ಮ?”

“ಬಲಗಾಲು.”

“ಎರಡರಲ್ಲೂ ಇಲ್ವಲ್ಲ. ಬರೀ ಮೂಳೆ.”

ಅವಳು ಬಗ್ಗಿ ಪರದೆಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ಅದಾ... ತೆಗೆಸ್ಬಿಟ್ಟೆ ಕಣೇ,” ಎಂದ ಅವನು. “ನಿಂಗೆ ಹೇಳೋದು ಮರೆತಿರ್ಬೇಕು.”

“ಯಾವಾಗ ತೆಗೆಸಿದ್ದು?”

“ನಮ್ಮ ಮಗಳು ಹುಟ್ಟೋವಾಗ ನೀನು ತವರಿಗೆ ಹೋಗಿದ್ಯಲ್ಲ, ಆಗ.”

ಅವಳು ಹೆಗಲ ಚೀಲವನ್ನು ಇಳಿಸಿ ಸೂಟ್‌ಕೇಸಿನ ಮೇಲಿಟ್ಟು, ಅವನ ಕೈಯಲ್ಲಿದ್ದ ದಿನಪತ್ರಿಕೆಯನ್ನು ಇಸಿದುಕೊಂಡು ಮುಂದೆ ನಡೆದಳು.