ಇನ್ನೆರಡು ಕೈ

ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ ಮತ್ತೆ ಜಾರಿತು. ಭಾವ ಸ್ಪ್ಯಾನರನ್ನು ಹಲ್ಲಲ್ಲಿ ಕಚ್ಚಿಕೊಂಡು, ಎಡಗೈಯನ್ನು ಎಂಜಿನ್ನಿನ ಸಂದಿಗೆ ತೂರಿಸಿ ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿದ. ಕಾರಿನ ಜೊತೆ ಬಂದ ಮಾಲಲ್ಲ, ಯಜಮಾನ ಹೊರಗಿನಿಂದ ತರಿಸಿದ್ದು. ನಿಮ್ಮ ಗಾಡಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ಬರೆಯುವವರಿಗೇನು, ಕೂರಿಸುವವನು ಇವನು ತಾನೆ. ಬಸವನಹುಳುವಿನ ಚಿಪ್ಪಿನಂಥ ಅದರ ಕವಚದ ಬಾಯಿ ಸೀದಾ ಹೋಗಿ ಬ್ರೇಕ್ ಪೈಪಿಗೆ ತಗಲುತ್ತಿತ್ತು. ಸುತ್ತಲಿನ ಬೋಲ್ಟುಗಳನ್ನು ಸಡಿಲಿಸಿ, ಬಾಯಿ ರಬ್ಬರ್ ಪೈಪಿನ ನೇರಕ್ಕೆ ಬರುವಷ್ಟು ಕವಚವನ್ನು ತಿರುಗಿಸಿ, ಅಲ್ಲಾಡದಂತೆ ಹಿಡಿದು ಬಿಗಿ ಮಾಡಬೇಕು. ಕೆಳಗಿನಿಂದ ಒಬ್ಬ ಹಿಡಿಯಬೇಕು, ಮೇಲಿನಿಂದ ಇನ್ನೊಬ್ಬ ಬಿಗಿಯಬೇಕು. ವಾರೆಯಾಗಿ ಕೂತರೆ ಒಳಗಿನ ಫ್ಯಾನು ಕವಚಕ್ಕೆ ಉಜ್ಜಿ, ಸ್ಟಾರ್ಟ್ ಮಾಡಿದ ಕೂಡಲೇ ಪುಡಿಪುಡಿ.

ತಂತಿ ಕಟ್ಟಿ ನೋಡಿದ, ಜಾಕ್ ಕೊಟ್ಟು ನೋಡಿದ, ಮರದ ತುಂಡು ತುರುಕಿ ನೋಡಿದ. ಎಲ್ಲವೂ ಬಿಗಿಯುವ ಹೊತ್ತಿಗೆ ಸರಿಯಾಗಿ ಕೈಕೊಟ್ಟವು. ಕಾರಿನ ಯಜಮಾನ ಬೇರೆ ಗಳಿಗೆಗೊಮ್ಮೆ ಫೋನ್ ಮಾಡಿ, "ಭಾವ, ಆಯ್ತಾ?" ಎಂದು ತಲೆ ತಿನ್ನುತ್ತಿದ್ದ. ಒಬ್ಬನೇ ಮಾಡುತ್ತೇನೆ, ನನಗೆ ಯಾರ ಹಂಗೂ ಬೇಡ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡಿದ್ದವನು ಇವನೇ. ಈಗ ಅನುಭವಿಸುತ್ತಿದ್ದ.

ಬೀದಿಗೆ ಬೀದಿಯೇ ಅವನನ್ನು ಭಾವ ಎನ್ನುತ್ತಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಡತಿಯ ತಮ್ಮ ದಿನವಿಡೀ "ಭಾವ, ಸ್ಪ್ಯಾನರ್ ಕೊಡಿ", "ಭಾವ, ಟೀ ಆರಿಹೋಗ್ತಿದೆ" ಎಂದು ಕೂಗಿ ಕೂಗಿ ಅಂಟಿಸಿದ ಹೆಸರು. ತಲೆ ನರೆತ ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕಿದ್ದ ಒಬ್ಬನೇ ಒಬ್ಬ ಮಾತ್ರ ಈಗ ಗ್ಯಾರೇಜಿನ ನಡುವೆ ತಗಡು ಹೊಡೆಸಿಕೊಂಡು ಆ ಕಡೆ ಬೇರೆ ಅಂಗಡಿ ಇಟ್ಟಿದ್ದ.

ಪಾಲಿನ ಜಗಳವೇನಲ್ಲ. ಹೀಗೇ ಒಂದು ಮಧ್ಯಾಹ್ನ ಇಬ್ಬರೂ ಸೇರಿ ಒಂದು ಕಾರಿಗೆ ಗೇರ್‌ಬಾಕ್ಸ್ ಏರಿಸುತ್ತಿದ್ದಾಗ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತ್ತು. ಕೆಳಗಿನಿಂದ ಎತ್ತಿ ಹಿಡಿದಿದ್ದ ಭಾವಮೈದುನ, "ಫೋನು ಭಾವ" ಎಂದಿದ್ದ. "ಬಿಡಬೇಡ, ಇನ್ನೊಂದೇ ಬೋಲ್ಟು" ಎಂದಿದ್ದ ಭಾವ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಮನೆಯಲ್ಲಿ ಎದೆ ಹಿಡಿದುಕೊಂಡು ಕರೆದಿದ್ದ ಹೆಂಡತಿಯೂ ಸುಮ್ಮನಾದಳು. ತಗಡು ಎದ್ದದ್ದು ಅದಾದ ಮೇಲೆ. ಮನೆಗೆ ಹೋದರೆ ಗೋಡೆ, ಇಲ್ಲಿಗೆ ಬಂದರೆ ತಗಡು. ಭಾವನಿಗೆ ಮಾತಾಡಲು ಬೇರೆ ಯಾರೂ ಉಳಿದಿರಲಿಲ್ಲ.

ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿಯಿಲ್ಲ. ಕಣ್ಣು ಮುಚ್ಚಿಕೊಂಡೇ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿದ. ಎಷ್ಟೋ ವರ್ಷದ ಅಭ್ಯಾಸ, ಕೇಳಿಯೇಬಿಟ್ಟ.

"ಹಿಡ್ಕೊಂಡ್ಯಾ?"

"ಹಿಡ್ಕೊಂಡಿದ್ದೀನಿ ಭಾವ" ಎಂದಿತು ತಗಡು.

ಆ ಕಡೆ ಬಡಿಯುತ್ತಿದ್ದ ಸುತ್ತಿಗೆ ನಿಂತಿತು. ಈ ಕಡೆ ಸ್ಪ್ಯಾನರೂ ನಿಂತಿತು. ಬಾಯಿ ತಪ್ಪಿ ಬಂದ ಮಾತೆಂದು ಇಬ್ಬರಿಗೂ ಗೊತ್ತು. ಆದರೆ ಹಿಡಿಯದೆ ಹಿಡಿದಿದ್ದೇನೆ ಎನ್ನುವಷ್ಟು ದೊಡ್ಡ ಸುಳ್ಳು ಆ ಗ್ಯಾರೇಜಿನಲ್ಲಿ ಇನ್ನೊಂದಿರಲಿಲ್ಲ. ಅದನ್ನು ನಂಬಿ ಕೈ ಹಾಕಿದವನ ಬೆರಳು ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಭಾವನೇ ತಲೆಗೆ ಮೊಟಕಿ ಕಲಿಸಿದ ಪಾಠ ಅದು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಭಾವಮೈದುನ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ, ಮುಖ ಮಾತ್ರ ಬೀದಿಯ ಕಡೆಗೆ.

"ಹಿಡ್ಕೊಂಡಿದ್ದೀನಿ ಅಂದ್ಬಿಟ್ಟೆ. ಅದಕ್ಕೆ ಬಂದೆ. ಬೇರೇನಿಲ್ಲ."

"ನಾನೇನೂ ನಿನ್ನ ಕರೀಲಿಲ್ಲ."

"ಕರೆದ್ರಿ ಅಂತ ನಾನೂ ಹೇಳ್ಲಿಲ್ಲ."

ಅವನು ಕಾರಿನ ಕೆಳಗೆ ಜಾರಿದ. ಮೇಲಿನಿಂದ ಭಾವನಿಗೆ ಕಂಡದ್ದು ಕವಚವನ್ನು ತಬ್ಬಿದ ಬೆರಳುಗಳಷ್ಟೆ. ಉದ್ದ ಬೆರಳು, ತುದಿಯಲ್ಲಿ ಚಪ್ಪಟೆ ಉಗುರು. ಅವಳದೂ ಹೀಗೇ ಇತ್ತು. ಅಕ್ಕ ತಮ್ಮ ಇಬ್ಬರದೂ ಒಂದೇ ಕೈ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದುದು ನೆನಪಾಯಿತು. ಭಾವ ಸ್ಪ್ಯಾನರನ್ನು ಮತ್ತೆ ಬೋಲ್ಟಿಗೆ ಕೂರಿಸಿದ.

"ಇನ್ನೂ ಒಂಚೂರು ನಿನ್ನ ಕಡೆ. ಸಾಕು. ಹಾಗೇ ಇರು."

"ಊಟ ಮಾಡ್ತೀರೋ ಇಲ್ವೋ? ಕೈಲಿ ಶಕ್ತೀನೇ ಇಲ್ಲ."

"ಸ್ಪ್ಯಾನರ್ ಸವೆದಿದೆ."

ಮೊದಲ ಬೋಲ್ಟು ಅರ್ಧ ಬಿಗಿಯಾಗಿತ್ತು. ಬೆಳಗಿನಿಂದ ಕಾಡಿದ ಕವಚ ಈಗ ಕೂದಲೆಳೆಯೂ ಆಚೀಚೆಯಾಗದೆ ಪೈಪಿನ ನೇರಕ್ಕೆ ಕೂತಿತ್ತು. ಇನ್ನೊಂದು ಸುತ್ತು ತಿರುಗಿಸಿದರೆ ಮತ್ತೆ ಜಾರುವ ಮಾತೇ ಇಲ್ಲ.

ಆಗ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಕಾರಿನ ಯಜಮಾನನೇ, ಇನ್ಯಾರು. ಗೊತ್ತಿದ್ದೂ ಭಾವನ ಕೈ ನಿಂತಿತು.

"ಬಿಡು" ಎಂದ. ಕೆಳಗಿನ ಬೆರಳುಗಳು ಅಲ್ಲಾಡಲಿಲ್ಲ. "ಬಿಟ್ಬಿಡು ಅಂದ್ನಲ್ಲ. ಜಾರಿದ್ರೆ ಜಾರ್ಲಿ, ಹಾಳಾಗ್ಹೋಗ್ಲಿ. ಹೋಗಿ ಫೋನ್ ತಗೊ."

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬೆರಳುಗಳು ಕವಚವನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು.

"ಬಿಗಿ ಮಾಡಿ ಭಾವ" ಎಂದ ಅವನು ಕೆಳಗಿನಿಂದ. "ಮನೆಯಿಂದ ಕರೆಯೋರು ಈಗ ಯಾರಿದ್ದಾರೆ."